ಫಾರ್ಮ್ಯಾಟ್ ಹೊಡೆಯುವ ಮುನ್ನ

ಬಾಗಲಕೋಟೆಯ ನವನಗರವಿರಲಿ, ಇಳಕಲ್ ಪೇಟೆಯಿರಲಿ, ಝೆರಾಕ್ಸ್ ಅಂಗಡಿಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: 'ಏನೂ ಇಲ್ರಿ ಇದರಾಗ. ವೈರಸ್ ಬಡದೈತಿ, ಫಾರ್ಮ್ಯಾಟ್ ಹೊಡೀಬೇಕು.' ಪೆನ್‌ಡ್ರೈವ್ ತಂದವರು ಪ್ರಾಜೆಕ್ಟ್ ವರದಿಯ ಪ್ರಿಂಟಿಗೆ ಬಂದ ವಿದ್ಯಾರ್ಥಿ ಇರಬಹುದು, ಗ್ರಾನೈಟ್ ಬಿಲ್ಲು ಹಿಡಿದು ಬಂದ ಗುಮಾಸ್ತ ಇರಬಹುದು. ತೆರೆಯ ಮೇಲೆ ಬರೀ ಶಾರ್ಟ್‌ಕಟ್ ಚಿಹ್ನೆ, ಫೋಲ್ಡರುಗಳೆಲ್ಲ ಮಾಯ. ಗಿರಾಕಿ ಹೂಂ ಅನ್ನುತ್ತಾನೆ, ಎರಡು ಕ್ಲಿಕ್ಕಿನಲ್ಲಿ ತಿಂಗಳುಗಟ್ಟಲೆಯ ಕೆಲಸ ಹೋಗುತ್ತದೆ.

ಬಹಳ ಸಲ ಆ ಫೈಲುಗಳು ಫಾರ್ಮ್ಯಾಟ್ ಹೊಡೆಯುವ ಗಳಿಗೆಯವರೆಗೂ ಅಲ್ಲೇ ಇದ್ದವು.

'ಶಾರ್ಟ್‌ಕಟ್ ವೈರಸ್' ಎಂದು ಜನ ಕರೆಯುವ ಕುತಂತ್ರಾಂಶದ ಸಾಮಾನ್ಯ ಆಟ ಅಳಿಸುವುದಲ್ಲ, ಅಡಗಿಸುವುದು. ಪೆನ್‌ಡ್ರೈವ್‌ಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೂ 32 ಬೈಟ್‌ಗಳ ಒಂದು ನಮೂದು ಇರುತ್ತದೆ. ಹೆಸರು, ಗಾತ್ರ, ದಿನಾಂಕಗಳ ನಡುವೆ ಒಂದೇ ಒಂದು ಬೈಟ್ ಆಟ್ರಿಬ್ಯೂಟ್‌ಗೆ, ಅಂದರೆ ಫೈಲಿನ ಲಕ್ಷಣಗಳಿಗೆ, ಮೀಸಲು. 'ಓದಲು ಮಾತ್ರ' ಎಂಬುದಕ್ಕೆ 1, 'ಹಿಡನ್'ಗೆ 2, 'ಸಿಸ್ಟಮ್'ಗೆ 4. ವೈರಸ್ ಇಲ್ಲಿ 2 ಮತ್ತು 4 ಎರಡನ್ನೂ ಹಚ್ಚಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಮುಂದಿಡುತ್ತದೆ. ಅದನ್ನು ಒತ್ತಿದವರು ತಮ್ಮ ಕೈಯಾರೆ ವೈರಸ್ಸನ್ನು ಚಾಲೂ ಮಾಡುತ್ತಾರೆ.

'ಹಿಡನ್ ಫೈಲ್ ತೋರಿಸು' ಎಂದು ವಿಂಡೋಸ್‌ಗೆ ಹೇಳಿದರೂ ಇವು ಕಾಣುವುದಿಲ್ಲ. ಎರಡೂ ಗುರುತು ಇರುವ ಫೈಲನ್ನು ಅದು ತನ್ನ ಸ್ವಂತ ಆಸ್ತಿಯೆಂದು ತಿಳಿದು ಬಚ್ಚಿಡುತ್ತದೆ. ಮೊದಲು ಆಂಟಿವೈರಸ್ ಓಡಿಸಿ, ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಅಟ್ರಿಬ್' ಆದೇಶಕ್ಕೆ ಮೈನಸ್ ಎಚ್, ಮೈನಸ್ ಎಸ್ ಎರಡನ್ನೂ ಒಟ್ಟಿಗೆ ಕೊಡಬೇಕು. ಎಚ್ ಒಂದನ್ನೇ ಕೊಟ್ಟರೆ, ಇದು ಸಿಸ್ಟಮ್ ಫೈಲು, ಮುಟ್ಟಲಾರೆ ಎಂದು ಅದು ಹಟ ಹಿಡಿಯುತ್ತದೆ. ಅಷ್ಟು ದೂರ ಹೋಗದವರಿಗೂ ಸುಲಭದ ಪರೀಕ್ಷೆಯೊಂದಿದೆ: ಪೆನ್‌ಡ್ರೈವ್‌ನ ಪ್ರಾಪರ್ಟೀಸ್ ತೆರೆದು ಎಷ್ಟು ಜಾಗ ಬಳಕೆಯಾಗಿದೆ ನೋಡುವುದು. ಖಾಲಿ ಕಾಣುವ ಡ್ರೈವ್‌ನಲ್ಲಿ ಮೂರು ಜಿಬಿ ತುಂಬಿದೆ ಎಂದರೆ ಒಳಗೆ ಏನೋ ಇದೆ.

ಅಡಗಿಸಿದ್ದನ್ನು ಅಳಿಸಿದ್ದು ಎಂದುಕೊಳ್ಳುವುದು ಒಂದು ತಪ್ಪಾದರೆ, ಅಡಗಿಸಿದ್ದು ಭದ್ರವಾಗಿದೆ ಎಂದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಯುನಿಕ್ಸ್ ಲೋಕದಲ್ಲಿ ಹೆಸರಿನ ಮೊದಲು ಚುಕ್ಕಿ ಇಟ್ಟರೆ ಫೈಲು ಪಟ್ಟಿಯಲ್ಲಿ ಕಾಣದು. ಇದು ಯಾರೋ ಕೂತು ರೂಪಿಸಿದ ಭದ್ರತಾ ಏರ್ಪಾಡೇನಲ್ಲ. ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ನಮೂದುಗಳನ್ನು ಮರೆಮಾಡಲು ಯಾರೋ ಅವಸರದಲ್ಲಿ ಬರೆದ ಸಾಲು, ಚುಕ್ಕಿಯಿಂದ ಶುರುವಾಗುವ ಎಲ್ಲವನ್ನೂ ಮರೆಮಾಡಿತು ಎಂದು ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಬರೆದಿದ್ದಾರೆ. ಆ ಚುಕ್ಕಿ ಇಂದು ಎಲ್ಲರ ಜೇಬಿನಲ್ಲಿದೆ. ಆಂಡ್ರಾಯ್ಡ್ ಫೋನಿನಲ್ಲಿ, ನೋಡಿದ ವಾಟ್ಸಾಪ್ ಸ್ಟೇಟಸ್‌ಗಳು ಕೂಡುವುದು ಚುಕ್ಕಿ ಹೆಸರಿನ ಫೋಲ್ಡರಿನಲ್ಲೇ. ಸ್ಟೇಟಸ್ ಕದಿಯುವ ಆ್ಯಪ್‌ಗಳು ನೇರ ಅಲ್ಲಿಗೇ ಕೈ ಹಾಕುತ್ತವೆ. ಅಡಗಿಸುವ ಆಟ ಕಳ್ಳರಿಗೇ ನೆರವಾದದ್ದೂ ಉಂಟು. ಸೋನಿ ಬಿಎಂಜಿ ಕಂಪನಿ 2005ರಲ್ಲಿ ಹಾಡಿನ ಸಿಡಿಗಳ ಮೂಲಕ ಗಿರಾಕಿಗಳ ಕಂಪ್ಯೂಟರಿಗೆ ಅಡಗುವ ತಂತ್ರಾಂಶ ತುರುಕಿತ್ತು. ಅದರ ಮರೆಯಲ್ಲೇ ಬೇರೆ ವೈರಸ್‌ಗಳೂ ಅಡಗಿ ಕೂತವು, ಕಂಪನಿ ಸಿಡಿಗಳನ್ನು ವಾಪಸ್ ಪಡೆಯಬೇಕಾಯಿತು.

ಅಡಗಿಸದೆಯೂ ಕಾಯಬಹುದು, ಇಳಕಲ್ ಸೀರೆಯನ್ನೇ ನೋಡಿ. ಟೋಪ ತೆನಿ ಸೆರಗಾಗಲಿ, ಒಡಲು ಮತ್ತು ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವ ಕಸುಬಾಗಲಿ ಕದ್ದುಮುಚ್ಚಿ ಉಳಿದದ್ದಲ್ಲ. ಬೀದಿಯಲ್ಲಿ ನಿಂತವರಿಗೂ ಕಾಣುವ ಆ ಕಲೆಯ ಹೆಸರಿಗೆ ಕಾವಲಿರುವುದು ಭೌಗೋಳಿಕ ಸೂಚಿಯ ನೋಂದಣಿ. ಫೈಲಿಗೂ ಬೇಕಾದದ್ದು ಇಂಥ ಗಟ್ಟಿ ಕಾವಲು: ಪಾಸ್‌ವರ್ಡ್, ಎನ್‌ಕ್ರಿಪ್ಷನ್, ಯಾರಿಗೆ ಎಷ್ಟು ಅನುಮತಿ ಎಂಬ ಪಟ್ಟಿ.

ಫೈಲಿನ ನಮೂದು ಹೇಳುವ ದಿನಾಂಕವನ್ನೂ ಕಣ್ಣು ಮುಚ್ಚಿ ನಂಬಬಾರದು. ಕಲ್ಲಿನ ಮೇಲಿನ ದಿನಾಂಕದ ಮಾತೇ ಬೇರೆ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶ ಕೆತ್ತಿಸಿದ ಶಕ 500, ಅಂದರೆ ಕ್ರಿ.ಶ. 578, ಇಂದಿಗೂ ಅಲ್ಲೇ ಇದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿ ಶಾಸನದಲ್ಲಿ ಕವಿ ರವಿಕೀರ್ತಿ ತನ್ನ ಹೆಸರನ್ನೂ ಶಕ 556 ಎಂಬ ಕಾಲವನ್ನೂ ಸೇರಿಸಿದ್ದಾನೆ. ಆದರೆ ಬಾದಾಮಿಯ ಅದೇ ಗುಹೆಯ ಮುಂದೆ ಫೋನಿನಲ್ಲಿ ತೆಗೆದ ಚಿತ್ರದ ದಿನಾಂಕವನ್ನು ಬದಲಿಸಲು ಒಂದು ಸಾಲು ಕೋಡ್ ಸಾಕು. ಯಾರೂ ತಿದ್ದದಿದ್ದರೂ, ವಿಂಡೋಸ್‌ನಲ್ಲಿ ಫೈಲ್ ಕಾಪಿ ಮಾಡಿದೊಡನೆ 'ರಚನೆಯಾದ' ದಿನಾಂಕ ಹೊಸದಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರವನ್ನೂ ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆಯನ್ನೂ, ಕೇಳುವುದು ಸುಮ್ಮನೆ ಅಲ್ಲ.

ಕೋಡ್ ಬರೆಯುವವರ ಹೊಣೆ ಇನ್ನೂ ಹೆಚ್ಚು. ನಕ್ಷತ್ರ ಚಿಹ್ನೆ ಹಾಕಿ 'ಎಲ್ಲ ಫೈಲುಗಳ' ಬ್ಯಾಕಪ್ ತೆಗೆದೆ ಎನ್ನುವವರ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಚುಕ್ಕಿ ಫೈಲುಗಳನ್ನು ಬಿಟ್ಟೇ ಬಿಡುತ್ತದೆ. ವಿಂಡೋಸ್‌ನಲ್ಲಿ ಹಿಡನ್ ಫೈಲನ್ನು ಪೈಥಾನ್‌ನ ರೈಟ್ ಮೋಡ್‌ನಲ್ಲಿ ತೆರೆದರೆ 'ಅನುಮತಿ ಇಲ್ಲ' ಎಂಬ ಉತ್ತರ ಬರುತ್ತದೆ, ಕಾರಣ ತಿಳಿಯದೆ ರಾತ್ರಿಯೆಲ್ಲ ತಲೆ ಕೆರೆದುಕೊಳ್ಳುವುದೇ ಆಗುತ್ತದೆ. ಹಿಡನ್ ಮಾಡಲು ಹೋಗಿ ನೇರವಾಗಿ 2 ಎಂದು ಬರೆದರೆ, ಮೊದಲೇ ಇದ್ದ 'ಓದಲು ಮಾತ್ರ' ಗುರುತಿನ 1 ಅಳಿಸಿಹೋಗುತ್ತದೆ. ಹಳೆಯ ಮೌಲ್ಯವನ್ನು ಓದಿ, ಅದಕ್ಕೆ ಹೊಸ ಬಿಟ್ ಕೂಡಿಸಿ, 3 ಮಾಡಿ ಬರೆಯುವುದು ಸರಿಯಾದ ಕ್ರಮ.

ಇದನ್ನೆಲ್ಲ ಕಲಿಸಲು ಹೊಸ ಪ್ರಯೋಗಾಲಯ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, ಜಿಲ್ಲೆಯಲ್ಲಿ ಪಾಲಿಟೆಕ್ನಿಕ್, ಐಟಿಐಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಶನಿವಾರ ಇಳಕಲ್, ಹುನಗುಂದ, ಬಾದಾಮಿಯ ಝೆರಾಕ್ಸ್ ಅಂಗಡಿಗಳಿಗೆ ಹೋಗಿ ಅಟ್ರಿಬ್ ಆದೇಶವನ್ನು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಕಂಪ್ಯೂಟರಿನ ಪಕ್ಕ ಅಂಟಿಸಿ ಬರಲಿ. ಅಂಗಡಿಯವರು ಫಾರ್ಮ್ಯಾಟ್ ಒತ್ತುವ ಮುನ್ನ ಬಳಕೆಯಾದ ಜಾಗ ಎಷ್ಟಿದೆ ಎಂದು ಗಿರಾಕಿಗೆ ತೋರಿಸಲಿ, ತೋರಿಸದಿದ್ದರೆ ಗಿರಾಕಿಯೇ ಕೇಳಲಿ.