ರಿಮೋಟ್ ಕೈಕೊಟ್ಟಾಗ ಹೊಣೆ ಯಾರದು?

ಅಮೆರಿಕದ ಲಾಸ್ ವೇಗಸ್ ನಗರದಲ್ಲಿ 2015ರ ಆಗಸ್ಟ್‌ನಲ್ಲಿ ನಡೆದ ಡೆಫ್‌ಕಾನ್ ಸಮಾವೇಶದಲ್ಲಿ ರಿಚೊ ಹೀಲಿ ಮತ್ತು ಮೈಕ್ ರಯಾನ್ ಎಂಬ ಇಬ್ಬರು ಕಂಪ್ಯೂಟರ್ ಸುರಕ್ಷತಾ ತಜ್ಞರು ವಿಚಿತ್ರವಾದ ಒಂದು ಸಂಶೋಧನೆಯನ್ನು ಮಂಡಿಸಿದರು. ಓಡುತ್ತಿರುವ ವಿದ್ಯುತ್ ಸ್ಕೇಟ್‌ಬೋರ್ಡಿಗೂ ಸವಾರನ ಕೈಯಲ್ಲಿರುವ ರಿಮೋಟಿಗೂ ನಡುವಿನ ಬ್ಲೂಟೂತ್ ಸಂಪರ್ಕವನ್ನು ಹೊರಗಿನವರು ಕಡಿದುಹಾಕಿ ಸವಾರನನ್ನು ನೆಲಕ್ಕೆ ಕೆಡವಬಹುದು ಎಂಬುದೇ ಆ ಸಂಶೋಧನೆಯ ಸಾರ. ಅದಕ್ಕೆ ಪ್ರೇರಣೆಯಾದದ್ದು ಹಿಂದಿನ ವರ್ಷ ಮೆಲ್ಬರ್ನ್ ನಗರದಲ್ಲಿ ಹೀಲಿಯವರಿಗೇ ಆದ ಅನುಭವ. ಜನನಿಬಿಡ ವೃತ್ತವೊಂದನ್ನು ಸಮೀಪಿಸುತ್ತಿದ್ದಂತೆ ಅವರ ಕಾಲ ಕೆಳಗಿನ ಹಲಗೆ ಇದ್ದಕ್ಕಿದ್ದಂತೆ ನಿಂತಿತು. ಅವರು ರಸ್ತೆಗೆ ಎಸೆಯಲ್ಪಟ್ಟರು. ಯಾರೂ ಸಂಚು ಹೂಡಿರಲಿಲ್ಲ. ಆ ವೃತ್ತದಲ್ಲಿ ದಟ್ಟೈಸಿದ್ದ ರೇಡಿಯೋ ತರಂಗಗಳ ಗದ್ದಲದಲ್ಲಿ ರಿಮೋಟಿನ ದನಿ ಹಲಗೆಗೆ ಕೇಳಿಸದೆ ಹೋಗಿತ್ತು, ಅಷ್ಟೆ.

ಈ ಪ್ರಸಂಗವನ್ನು ಸುದ್ದಿಪತ್ರಿಕೆಗಳು ಅಂದು 'ಹ್ಯಾಕಿಂಗ್' ಎಂಬ ರೋಚಕ ಶೀರ್ಷಿಕೆಯಡಿ ಪ್ರಕಟಿಸಿದವು. ನನ್ನ ದೃಷ್ಟಿಯಲ್ಲಿ ಅದರೊಳಗೆ ಅಡಗಿರುವ ಪ್ರಶ್ನೆ ಹ್ಯಾಕಿಂಗಿಗಿಂತ ಸರಳವಾದದ್ದು, ಹೆಚ್ಚು ಗಂಭೀರವಾದದ್ದು. ಸಂಪರ್ಕ ಕಡಿದಾಗ ವಾಹನ ಏನು ಮಾಡಬೇಕು? ಅದನ್ನು ತೀರ್ಮಾನಿಸುವವರು ಯಾರು? ವಾಹನಗಳ ನಿಯಂತ್ರಣವು ಯಂತ್ರಭಾಗಗಳಿಂದ ತಂತ್ರಾಂಶಕ್ಕೆ ಸರಿಯುತ್ತಿರುವ ಈ ಕಾಲದಲ್ಲಿ ಈ ಪ್ರಶ್ನೆ ಸ್ಕೇಟ್‌ಬೋರ್ಡಿಗೆ ಮಾತ್ರ ಸೀಮಿತವಲ್ಲ. ಆದರೆ ಸ್ಕೇಟ್‌ಬೋರ್ಡಿನಲ್ಲಿ ಅದು ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಕಾರಣ ಇಷ್ಟೆ. ಸೈಕಲ್ ಸವಾರನಿಗೆ ಹಿಡಿಯಲು ಹ್ಯಾಂಡಲ್ ಇದೆ. ತಂತಿ ಎಳೆದು ಚಕ್ರವನ್ನು ಒತ್ತಿಹಿಡಿಯುವ ಬ್ರೇಕ್ ಇದೆ. ವಿದ್ಯುತ್ ಸ್ಕೇಟ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. ವೇಗ ಹೆಚ್ಚಿಸುವುದು, ತಗ್ಗಿಸುವುದು, ನಿಲ್ಲಿಸುವುದು ಎಲ್ಲವೂ ಅಂಗೈಯಲ್ಲಿ ಅಡಗುವ ರಿಮೋಟಿನ ಒಂದು ಚಕ್ರ ಅಥವಾ ಗುಂಡಿಯ ಮೂಲಕವೇ ಆಗಬೇಕು. ಬ್ರೇಕ್ ಎಂದರೆ ಅಲ್ಲಿ ಬೇರೊಂದು ಸಾಧನವಲ್ಲ. ಓಡಿಸುವ ಮೋಟಾರೇ ಹಿಮ್ಮುಖ ಬಲ ಪ್ರಯೋಗಿಸಿ ತಡೆಯುತ್ತದೆ. ಅಂದರೆ ಓಡಿಸುವ ವ್ಯವಸ್ಥೆ ಕೆಟ್ಟರೆ ನಿಲ್ಲಿಸುವ ವ್ಯವಸ್ಥೆಯೂ ಅದರೊಂದಿಗೇ ಕೆಡುತ್ತದೆ. ಬೇರಾವ ವಾಹನದಲ್ಲೂ ಎಂಜಿನಿಯರುಗಳು ಇಂಥ ಏರ್ಪಾಡನ್ನು ಸುಲಭವಾಗಿ ಒಪ್ಪಲಾರರು.

ರಿಮೋಟ್ ಮೌನವಾದಾಗ ಹಲಗೆಯ ಮುಂದೆ ಇರುವ ದಾರಿಗಳು ಮೂರು. ಕೂಡಲೇ ಬ್ರೇಕ್ ಹಾಕುವುದು, ಮೋಟಾರನ್ನು ಬಿಟ್ಟುಕೊಟ್ಟು ತಾನಾಗಿ ಉರುಳಲು ಬಿಡುವುದು, ಇಲ್ಲವೇ ಕೊನೆಯ ಆಜ್ಞೆಯನ್ನೇ ಪಾಲಿಸುತ್ತ ಓಡುವುದು. ಮೂರನೆಯದು ಅಪಾಯಕಾರಿ ಎಂಬುದರಲ್ಲಿ ಎರಡು ಮಾತಿಲ್ಲ. ಮೊದಲನೆಯದು ಸುರಕ್ಷಿತವೆಂದು ತೋರಿದರೂ ಹಾಗಲ್ಲ. ನಿಂತುಕೊಂಡು ಸಾಗುವ ಸವಾರನಿಗೆ ಹಠಾತ್ ಬ್ರೇಕ್ ಎಂದರೆ ಮುಗ್ಗರಿಸುವುದೆಂದೇ ಅರ್ಥ. ಎರಡನೆಯದು ಸಮತಟ್ಟಾದ ರಸ್ತೆಯಲ್ಲಿ ಸರಿ. ಇಳಿಜಾರಿನಲ್ಲಿ ಅದು ಬ್ರೇಕಿಲ್ಲದ ಬಂಡಿ. ರೈಲು ಎಂಜಿನಿಯರಿಂಗ್ ಈ ಬಗೆಯ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿತ್ತು. ಮುಂಬೈನ ಉಪನಗರ ರೈಲುಗಳಲ್ಲಿ ಚಾಲಕ ಹಿಡಿಯನ್ನು ಕೈಬಿಟ್ಟರೆ ಬ್ರೇಕ್ ತಾನಾಗಿ ಬೀಳುತ್ತದೆ. ರೈಲಿಗೆ 'ನಿಲ್ಲುವುದೇ ಸುರಕ್ಷಿತ ಸ್ಥಿತಿ' ಎಂಬ ಸೂತ್ರ ಅನ್ವಯಿಸುತ್ತದೆ. ಸ್ಕೇಟ್‌ಬೋರ್ಡಿಗೆ ಅಂಥ ಸಿದ್ಧ ಸೂತ್ರವಿಲ್ಲ. ಎಷ್ಟು ಕ್ಷಣ ಕಾಯಬೇಕು, ಎಷ್ಟು ಮೆಲ್ಲಗೆ ಬ್ರೇಕ್ ಬಿಗಿಯಬೇಕು, ಸವಾರನಿಗೆ ಹೇಗೆ ಮುನ್ಸೂಚನೆ ನೀಡಬೇಕು ಎಂಬುದನ್ನು ಅಳೆದು ನಿರ್ಧರಿಸಬೇಕಾಗುತ್ತದೆ.

ಸಂಪರ್ಕ ಕಡಿಯಲು ಮಹಾ ಅವಘಡವೇನೂ ಬೇಕಿಲ್ಲ. ಈ ರಿಮೋಟುಗಳು ಸಾಮಾನ್ಯವಾಗಿ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲೇ ವೈಫೈ, ಮೈಕ್ರೋವೇವ್ ಒಲೆ ಹಾಗೂ ಅಸಂಖ್ಯ ಬ್ಲೂಟೂತ್ ಉಪಕರಣಗಳು ಕೆಲಸ ಮಾಡುತ್ತವೆ. ನೀರೇ ಹೆಚ್ಚಾಗಿರುವ ನಮ್ಮ ದೇಹ ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಸವಾರನ ಮೈಯೇ ರಿಮೋಟಿಗೂ ಹಲಗೆಗೂ ಅಡ್ಡಗೋಡೆಯಾಗಬಲ್ಲದು. ರಿಮೋಟಿನ ಪುಟ್ಟ ಬ್ಯಾಟರಿ ನಡುದಾರಿಯಲ್ಲಿ ಬರಿದಾಗಬಹುದು. ಇನ್ನೊಂದು ಅಪಾಯವಂತೂ ಸಾಮಾನ್ಯ ಗ್ರಾಹಕನ ಊಹೆಗೂ ನಿಲುಕದಂಥದು. ಬ್ರೇಕ್ ಹಾಕಿದಾಗ ಉತ್ಪತ್ತಿಯಾಗುವ ವಿದ್ಯುತ್ತು ಬ್ಯಾಟರಿಗೆ ಮರಳಿ ಹರಿಯಬೇಕು. ಬ್ಯಾಟರಿ ಆಗಲೇ ಪೂರ್ತಿ ತುಂಬಿದ್ದರೆ ಅದು ಹೋಗುವುದೆಲ್ಲಿಗೆ? ಬ್ಯಾಟರಿಯನ್ನು ರಕ್ಷಿಸುವ ವ್ಯವಸ್ಥೆ ಆ ಹರಿವನ್ನು ತಡೆದರೆ ಬ್ರೇಕೇ ಇಲ್ಲವಾಗುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಜಾರಿಗೆ ಹೊರಟವನಿಗೆ ತಾನು ಎಚ್ಚರಿಕೆಯಿಂದಲೇ ಇದ್ದೇನೆಂಬ ಭಾವನೆ ಇರುತ್ತದೆ. ಅಪಾಯ ಇರುವುದೇ ಅಲ್ಲಿ.

ಇನ್ನು 'ಮೋಡ್'ಗಳ ವಿಚಾರ. ಈ ವಾಹನಗಳನ್ನು ಜನಪ್ರಿಯಗೊಳಿಸಿದ ಕ್ಯಾಲಿಫೋರ್ನಿಯಾದ ಬೂಸ್ಟೆಡ್ ಕಂಪನಿಯ ಎರಡನೇ ಆವೃತ್ತಿಯ ಹಲಗೆಯಲ್ಲಿ ಬಿಗಿನರ್, ಇಕೊ, ಪ್ರೊ, ಎಕ್ಸ್‌ಪರ್ಟ್ ಎಂಬ ನಾಲ್ಕು ಚಾಲನಾ ವಿಧಾನಗಳಿದ್ದವು. ಮೊದಲನೆಯದರಲ್ಲಿ ಗರಿಷ್ಠ ವೇಗ ಗಂಟೆಗೆ ಸುಮಾರು 18 ಕಿ.ಮೀ., ಕೊನೆಯದರಲ್ಲಿ ಸುಮಾರು 35 ಕಿ.ಮೀ. ವೇಗ ಹೆಚ್ಚುಕಡಿಮೆ ಇಮ್ಮಡಿಯಾದರೆ ಬಿದ್ದಾಗ ದೇಹ ತಾಳಬೇಕಾದ ಚಲನಶಕ್ತಿ ನಾಲ್ಕು ಪಟ್ಟಿನ ಸಮೀಪಕ್ಕೆ ಏರುತ್ತದೆ. 35 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡು ಸಂಪರ್ಕ ತಪ್ಪಿದರೆ ಹಲಗೆ ಯಾರ ಹಿಡಿತಕ್ಕೂ ಸಿಗದೆ ಸುಮಾರು 5 ಮೀಟರ್ ದೂರ ಸಾಗಿರುತ್ತದೆ. ಹೆಬ್ಬೆರಳಿನ ಚಲನೆ ಮಾತ್ರ ಎಲ್ಲ ಮೋಡ್‌ಗಳಲ್ಲೂ ಅದೇ. ಒಂದು ಮೋಡ್‌ನಲ್ಲಿ ಮೆಲ್ಲಗೆ ಮುಂದೂಡುವ ಒತ್ತಡವೇ ಮತ್ತೊಂದರಲ್ಲಿ ಜಗ್ಗಿ ಎಳೆಯುತ್ತದೆ. ತಾನು ಯಾವ ಮೋಡ್‌ನಲ್ಲಿದ್ದೇನೆ ಎಂಬುದನ್ನು ಮರೆತ ಸವಾರನಿಗೆ ಅದನ್ನು ನೆನಪಿಸುವುದು ಮಿನುಗುವ ಒಂದು ಪುಟ್ಟ ದೀಪ ಮಾತ್ರ.

ಮೋಡ್‌ಗಳು ಸುರಕ್ಷತೆಗಾಗಿಯೇ ಇವೆ ಎಂಬುದು ತಯಾರಕರ ವಾದ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಕಲಿಯುವವನಿಗೆ ನಿಧಾನಗತಿ ಬೇಕೇ ಬೇಕು. ಆದರೆ 'ಎಕ್ಸ್‌ಪರ್ಟ್' ಎಂಬ ಪದ ಏನನ್ನು ಹೇಳುತ್ತದೆ ನೋಡಿ. ಅದು ಯಂತ್ರದ ವೇಗವನ್ನು ಹೇಳುವುದಿಲ್ಲ, ಸವಾರನ ಅರ್ಹತೆಯನ್ನು ಹೇಳುತ್ತದೆ. ಗುಂಡಿಯೊಂದನ್ನು ಒತ್ತಿ ತನಗೆ ತಾನೇ ನೀಡಿಕೊಳ್ಳುವ ಪರವಾನಗಿ ಅದು. ಅಪಘಾತವಾದಾಗ ಅದೇ ಪದ ತಯಾರಕನ ರಕ್ಷಣೆಗೂ ಬರುತ್ತದೆ: ಪರಿಣತರಿಗೆ ಮೀಸಲಾದ ಮೋಡನ್ನು ಆರಿಸಿಕೊಂಡವನು ನೀನೇ ಅಲ್ಲವೇ? ಹೀಗೆ, ಸುರಕ್ಷತೆಯ ಸಾಧನವೆಂದು ಬಂದದ್ದು ಹೊಣೆಯನ್ನು ವರ್ಗಾಯಿಸುವ ಸಾಧನವಾಗಿ ಪರಿಣಮಿಸುವ ಸಾಧ್ಯತೆ ಇದೆ.

ಈ ವರ್ಗಾವಣೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒನ್‌ವೀಲ್ ಪ್ರಕರಣ ಸಾಕ್ಷಿ. ಫ್ಯೂಚರ್ ಮೋಷನ್ ಕಂಪನಿಯ ಈ ಒಂಟಿಚಕ್ರದ ಹಲಗೆಗೆ ರಿಮೋಟೂ ಇಲ್ಲ. ಸವಾರನ ದೇಹದ ವಾಲಿಕೆಯನ್ನು ಗ್ರಹಿಸಿ ತಂತ್ರಾಂಶವೇ ಸಮತೋಲನ ಕಾಯುತ್ತದೆ. ಮೋಟಾರಿನ ಸಾಮರ್ಥ್ಯದ ಮಿತಿ ಸಮೀಪಿಸಿದಾಗ ಹಲಗೆಯ ಮುಂಭಾಗವನ್ನು ಮೇಲೆತ್ತಿ ಎಚ್ಚರಿಸುವ ವ್ಯವಸ್ಥೆ ಅದರಲ್ಲಿತ್ತು. ಮಿತಿ ಮೀರಿದರೆ ಮುಂಭಾಗ ನೆಲಕ್ಕೆ ಕುಸಿಯುತ್ತದೆ, ಸವಾರ ಮುಂದಕ್ಕೆ ಚಿಮ್ಮುತ್ತಾನೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2022ರ ನವೆಂಬರ್‌ನಲ್ಲಿ ಈ ವಾಹನವನ್ನು ಬಳಸಬೇಡಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆ ನೀಡಿತು. ಕಂಪನಿ ಅದನ್ನು ಒಪ್ಪಲಿಲ್ಲ. ಕಡೆಗೆ 2023ರ ಸೆಪ್ಟೆಂಬರ್‌ನಲ್ಲಿ ಸುಮಾರು 3 ಲಕ್ಷ ಹಲಗೆಗಳ ಹಿಂತೆಗೆತ ಪ್ರಕಟವಾಯಿತು. 2019ರಿಂದ 2021ರ ಅವಧಿಯಲ್ಲಿ ನಾಲ್ವರು ಮೃತಪಟ್ಟಿದ್ದರೆಂದು ಆಯೋಗ ತಿಳಿಸಿತು. ಹಿಂತೆಗೆತವೆಂದರೂ ಹೆಚ್ಚಿನ ಹಲಗೆಗಳು ಮಾಲೀಕರ ಮನೆಯಿಂದ ಕದಲಲಿಲ್ಲ. ಮೊಬೈಲ್ ಆ್ಯಪ್ ಮೂಲಕ ತಂತ್ರಾಂಶ ಬದಲಿಸಿ ಮಿತಿ ಸಮೀಪಿಸಿದಾಗ ಕಂಪಿಸಿ, ಸದ್ದು ಮಾಡಿ ಎಚ್ಚರಿಸುವ ಸೌಲಭ್ಯ ಸೇರಿಸಲಾಯಿತು. ಅದಕ್ಕೆ ಒಗ್ಗದ ಹಳೆಯ ಮಾದರಿಗಳನ್ನು ತ್ಯಜಿಸಿದವರಿಗೆ 100 ಡಾಲರ್ ರಿಯಾಯಿತಿ ನೀಡಲಾಯಿತು. ತಂತ್ರಾಂಶದ ಕೆಲವು ಸಾಲುಗಳಿಂದ ಸುರಕ್ಷತೆ ಹೆಚ್ಚುವುದಾಗಿದ್ದರೆ, ಅವು ಮೊದಲ ದಿನದಿಂದಲೇ ಏಕಿರಲಿಲ್ಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಕಾನೂನುಗಳು ಈ ಪ್ರಶ್ನೆಯ ಸುತ್ತಮುತ್ತ ಓಡಾಡಿವೆಯೇ ಹೊರತು ಅದರ ಮರ್ಮವನ್ನು ಮುಟ್ಟಿದ್ದು ಕಡಿಮೆ. ಕ್ಯಾಲಿಫೋರ್ನಿಯಾ 2016ರಿಂದ ಈ ಹಲಗೆಗಳನ್ನು ಅಧಿಕೃತಗೊಳಿಸಿ, ಸವಾರನಿಗೆ ಕನಿಷ್ಠ 16 ವರ್ಷ, ತಲೆಗೆ ಹೆಲ್ಮೆಟ್, ವೇಗ ಗಂಟೆಗೆ 15 ಮೈಲಿ ಅಂದರೆ ಸುಮಾರು 24 ಕಿ.ಮೀ. ಎಂದು ವಿಧಿಸಿತು. ಜರ್ಮನಿ 2019ರ ಜೂನ್‌ನಲ್ಲಿ ವಿದ್ಯುತ್ ಸ್ಕೂಟರುಗಳಿಗೆ ರಸ್ತೆ ತೆರೆದಾಗ ಹಿಡಿಕೋಲು ಇರಲೇಬೇಕೆಂದು ಷರತ್ತು ಹಾಕಿ ಸ್ಕೇಟ್‌ಬೋರ್ಡುಗಳನ್ನು ಹೊರಗಿಟ್ಟಿತು. 2015–16ರಲ್ಲಿ ಹೋವರ್‌ಬೋರ್ಡುಗಳು ಮನೆಗಳಲ್ಲಿ ಹೊತ್ತಿ ಉರಿದಾಗ ಅಮೆರಿಕದಲ್ಲಿ 5 ಲಕ್ಷಕ್ಕೂ ಹೆಚ್ಚು ಹೋವರ್‌ಬೋರ್ಡುಗಳನ್ನು ಹಿಂತೆಗೆಯಲಾಯಿತು. ಯುಎಲ್ 2272 ಎಂಬ ಮಾನದಂಡ ರೂಪುಗೊಂಡಿತು. ಇಂದು ಹಲಗೆಗಳ ಪೆಟ್ಟಿಗೆಯ ಮೇಲೆ ಈ ಸಂಖ್ಯೆ ಕಂಡ ಗ್ರಾಹಕ ವಾಹನವೇ ಸುರಕ್ಷಿತವೆಂದು ಭಾವಿಸುತ್ತಾನೆ. ವಸ್ತುತಃ ಅದು ಪರೀಕ್ಷಿಸುವುದು ಬ್ಯಾಟರಿ, ಚಾರ್ಜರ್, ವಿದ್ಯುತ್ ವ್ಯವಸ್ಥೆಗಳನ್ನು. ಸವಾರಿಯಿಂದ ಒದಗುವ ಅಪಾಯ ತನ್ನ ವ್ಯಾಪ್ತಿಗೆ ಸೇರಿಲ್ಲವೆಂದು ಆ ಮಾನದಂಡವೇ ಹೇಳಿಕೊಳ್ಳುತ್ತದೆ. ಬೆಂಕಿಗೆ ಹೊಗೆಯಿದೆ, ಛಾಯಾಚಿತ್ರವಿದೆ; ಅದು ಶಾಸನವನ್ನು ಎಚ್ಚರಿಸುತ್ತದೆ. ಕಡಿದುಹೋದ ಸಂಪರ್ಕ ಯಾವ ಕುರುಹನ್ನೂ ಉಳಿಸುವುದಿಲ್ಲ. ಉಳಿಯುವುದು ಬಿದ್ದವನು ಮಾತ್ರ, ಅವನ ಮಾತನ್ನು ನಂಬುವವರು ವಿರಳ.

ನಮ್ಮ ದೇಶದ ಸ್ಥಿತಿಯೂ ಯೋಚಿಸತಕ್ಕದ್ದೇ. ಮೋಟಾರು ವಾಹನ ಕಾಯ್ದೆ, 1988ರ ವ್ಯಾಖ್ಯೆ 25 ಸಿ.ಸಿ. ಮೀರದ ಎಂಜಿನ್ನಿನ, ನಾಲ್ಕಕ್ಕಿಂತ ಕಡಿಮೆ ಚಕ್ರಗಳ ವಾಹನಗಳನ್ನು ಹೊರಗಿಡುತ್ತದೆ. ಅಕ್ಷರಶಃ ಓದಿದರೆ ನಾಲ್ಕು ಪುಟ್ಟ ಚಕ್ರಗಳ ಹಲಗೆಗೆ ಈ ವಿನಾಯಿತಿ ದಕ್ಕದು. ಹಾಗೆಂದು ದೀಪ, ಕನ್ನಡಿಗಳಿಲ್ಲದ ಅದನ್ನು ನೋಂದಾಯಿಸುವುದೂ ಆಗದು. ಭಾರತದಲ್ಲಿ ಸ್ಕೇಟ್‌ಬೋರ್ಡ್ ಸವಾರರು ಎಷ್ಟು ಮಂದಿ, ಇದು ಸಿರಿವಂತರ ಆಟಿಕೆಯಲ್ಲವೇ ಎಂದು ಓದುಗರು ಕೇಳಬಹುದು. ಆದರೆ ಏಥರ್, ಓಲಾ ಎಲೆಕ್ಟ್ರಿಕ್‌ನಂಥ ಕಂಪನಿಗಳ ನೆಲೆಯಾದ ಬೆಂಗಳೂರಿನ ರಸ್ತೆಗಳಲ್ಲೇ ಇಂದು ಮೋಡ್‌ಗಳುಳ್ಳ, ದೂರದಿಂದಲೇ ತಂತ್ರಾಂಶ ನವೀಕರಣಗೊಳ್ಳುವ ಸ್ಕೂಟರುಗಳು ಓಡುತ್ತಿವೆ. ಅವುಗಳಿಗೆ ಪ್ರತ್ಯೇಕ ಬ್ರೇಕ್ ಇದೆ ಎಂಬುದು ದೊಡ್ಡ ಸಮಾಧಾನ. ಆದರೂ ನಮ್ಮಲ್ಲೂ ಕ್ರಮ ಅದೇ: 2022ರಲ್ಲಿ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಎಐಎಸ್ 156 ಮಾನದಂಡದ ಬ್ಯಾಟರಿ ನಿಯಮಗಳು ಬಿಗಿಯಾದವು. ಬೆಂಕಿ ಮುಂದೆ, ನಿಯಮ ಹಿಂದೆ.

ಸವಾರನ ಹೊಣೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಒನ್‌ವೀಲ್ ಸಾವುಗಳಲ್ಲಿ ಕನಿಷ್ಠ ಮೂರರಲ್ಲಿ ಹೆಲ್ಮೆಟ್ ಧರಿಸಿರಲಿಲ್ಲವೆಂಬ ವರದಿಯಿದೆ. ಸಾಹಸಪ್ರಿಯರಿಗೆ ಅಪಾಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರಬೇಕು. ಆದರೆ ಆಯ್ಕೆ ಎಂಬುದಕ್ಕೆ ಅರ್ಥ ಬರುವುದು ಅಪಾಯ ಏನೆಂದು ತಿಳಿದಾಗ. ವೇಗದ ಅಪಾಯ ಸವಾರನಿಗೆ ಗೊತ್ತು. ತುಂಬಿದ ಬ್ಯಾಟರಿ ಬ್ರೇಕನ್ನು ಕಸಿಯುತ್ತದೆಂದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಯಾರೂ ಆರಿಸಿಕೊಳ್ಳಲಾರರು.

ಈ ಹಿನ್ನೆಲೆಯಲ್ಲಿ ಕೆಲವು ನಿಯಮಗಳು ಅತ್ಯಗತ್ಯವೆಂದು ನನಗೆ ತೋರುತ್ತದೆ. ಸಂಪರ್ಕ ತಪ್ಪಿದಾಗ ಹಲಗೆ ಹೇಗೆ, ಎಷ್ಟು ಹೊತ್ತಿನಲ್ಲಿ ನಿಧಾನಗೊಳ್ಳಬೇಕೆಂಬುದು ತಯಾರಕನ ಮರ್ಜಿಯಾಗದೆ, ಪರೀಕ್ಷೆಗೆ ಒಳಪಡುವ ಸಾರ್ವಜನಿಕ ಮಾನದಂಡವಾಗಬೇಕು. ನಿರ್ದಿಷ್ಟ ವೇಗ ಮೀರುವ ಹಲಗೆಗೆ ರಿಮೋಟನ್ನು ಅವಲಂಬಿಸದ ಎರಡನೇ ಬ್ರೇಕ್ ಇರಬೇಕು. ಚಲಿಸುತ್ತಿರುವಾಗ ಹೆಚ್ಚಿನ ವೇಗದ ಮೋಡ್‌ಗೆ ಬದಲಿಸಲು ಬರಬಾರದು. ಮೋಡ್‌ಗಳಿಗೆ ಸವಾರನನ್ನು ಹೊಗಳುವ ಹೆಸರಿನ ಬದಲು ವೇಗದ ಅಂಕಿಯೇ ಹೆಸರಾಗಬೇಕು. ಸಂಪರ್ಕ ಕಡಿದ ಕ್ಷಣದ ದಾಖಲೆ ಹಲಗೆಯಲ್ಲಿ ಉಳಿದು, ಅದು ಸವಾರನಿಗೂ ದೊರೆಯುವಂತಿರಬೇಕು. ಕೊನೆಯದಾಗಿ, ತಂತ್ರಾಂಶದ ಭವಿಷ್ಯ. ಬೂಸ್ಟೆಡ್ ಕಂಪನಿ 2020ರಲ್ಲಿ ಬಾಗಿಲು ಹಾಕಿತು. ಅದರ ಹಲಗೆಗಳು ರಸ್ತೆಯಲ್ಲೇ ಉಳಿದವು. ಆ್ಯಪ್ ಮೂಲಕ ಸುರಕ್ಷತೆ ಒದಗಿಸುವ ಕಂಪನಿ ತಾನಿಲ್ಲದ ಕಾಲಕ್ಕೂ ಏರ್ಪಾಡು ಮಾಡಿರಬೇಕು.

ಇವೆಲ್ಲ ಅಸಾಧ್ಯವಾದ ಬೇಡಿಕೆಗಳಲ್ಲ. ಲಾಸ್ ವೇಗಸ್‌ನಲ್ಲಿ ಆ ಇಬ್ಬರು ತಜ್ಞರು ತಮ್ಮ ಸಂಶೋಧನೆ ಮಂಡಿಸಿ ಹತ್ತು ವರ್ಷ ಕಳೆದಿದೆ. ಕೈ ಚಾಚಿದರೆ ಸಿಗುವ ಬ್ರೇಕನ್ನು ತೆಗೆದು ಅದರ ಜಾಗದಲ್ಲಿ ತರಂಗವೊಂದನ್ನು ಇಟ್ಟವರು, ಆ ತರಂಗ ತಪ್ಪಿದ ಕ್ಷಣಕ್ಕೂ ಉತ್ತರದಾಯಿಗಳಾಗಬೇಕು. ಆ ಹೊಣೆಯನ್ನು ಸವಾರನ ಹೆಬ್ಬೆರಳಿಗೆ ಬಿಟ್ಟುಕೊಡುವುದು ನ್ಯಾಯವಲ್ಲ.