ತೊಳೆದರೆ ಹೋಗುವ ವಿಷವಲ್ಲ

ಅಡಿಕೆಗೆ ಮದ್ದು ಬಿಟ್ಟ ಮೇಲೆ ಪಂಪಿನ ನಾಝಲ್ ತೊಳೆದಿಡುವವರು ನಾವು. ಇ-ಸಿಗರೇಟಿನ ಅಟೊಮೈಸರನ್ನೂ ಹಾಗೆಯೇ ಬಿಸಿನೀರಿನಲ್ಲಿ ತೊಳೆದು, ಹತ್ತಿ ಬದಲಿಸಿದರೆ ಅಪಾಯವಿಲ್ಲವೆಂದು ಕೆಲವು ಯುವಕರು ನಂಬಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ತೊಳೆದರೆ ಕರಟು, ಜಿಡ್ಡು ಹೋಗಬಹುದು. ನಿಕೋಟಿನ್ ಇರುವುದು ಮತ್ತೆ ತುಂಬುವ ದ್ರವದಲ್ಲಿ. ಕಾದ ತಂತಿಯಿಂದ ನಿಕ್ಕಲ್, ಕ್ರೋಮಿಯಂ ಕಣಗಳೂ ಆವಿಯೊಡನೆ ಶ್ವಾಸಕೋಶ ಸೇರಬಹುದು. ಅಲಸಂಡೆಯ ಹೇನಿಗೆ ಹಿರಿಯರು ಸಿಂಪಡಿಸುತ್ತಿದ್ದ ಹೊಗೆಸೊಪ್ಪಿನ ಕಷಾಯದಲ್ಲಿ ಹೇನನ್ನು ಕೊಲ್ಲುತ್ತಿದ್ದುದೂ ಇದೇ ನಿಕೋಟಿನ್. ಆ ದ್ರವ ಮಗುವಿನ ಬಾಯಿಗೆ ಹೋದರೆ ಪ್ರಾಣಕ್ಕೇ ಅಪಾಯ. ನಮ್ಮ ದೇಶದಲ್ಲಿ 2019ರ ಕಾನೂನು ಇದರ ಆಮದು, ಮಾರಾಟ, ದಾಸ್ತಾನನ್ನು ನಿಷೇಧಿಸಿದೆ. ಹೆತ್ತವರೇ, ಗದರಿಸುವ ಮೊದಲು ಮಗನನ್ನು ಬಳಿಯಲ್ಲಿ ಕೂರಿಸಿ ಮಾತಾಡಿ. ಬಿಡಲು ಕಷ್ಟವಾದರೆ ವೈದ್ಯರ ಬಳಿಗೆ ನೀವೇ ಜೊತೆಯಲ್ಲಿ ಹೋಗಿ. ದೇವರು ಕೊಟ್ಟ ಉಸಿರನ್ನು ಕಾಯುವುದೂ ನಮ್ಮ ಕರ್ತವ್ಯ.