ಜಾಗರಣೆಯ ರಾತ್ರಿ ಕೇಳಿದ ಒಂದು ಪ್ರಶ್ನೆ



ಅರಕಲಗೂಡಿನ ನಮ್ಮ ಮನೆಯಲ್ಲಿ ಶಿವರಾತ್ರಿಗೆ ನೆಂಟರಿಷ್ಟರು ಕೂಡುವುದು ಹಿಂದಿನಿಂದ ಬಂದ ರೂಢಿ. ಈಚಿನ ಒಂದು ಶಿವರಾತ್ರಿಯಂದು ಹೊಳೆನರಸೀಪುರದಿಂದ ನಮ್ಮ ಸೋದರತ್ತೆಯವರೂ, ಹಾಸನದಿಂದ ಚಿಕ್ಕಪ್ಪನವರ ಮಗನೂ, ಚನ್ನರಾಯಪಟ್ಟಣದಿಂದ ನನ್ನ ತಂಗಿಯ ಮಗಳೂ ಬಂದಿದ್ದರು. ಪೂಜೆ, ಪ್ರಸಾದಗಳು ಮುಗಿದು ಹಿರಿಯರು ಜಾಗರಣೆಗೆ ಕುಳಿತರು. ಮಕ್ಕಳು ಮಾತ್ರ ಮೂಲೆ ಹಿಡಿದು ಮೊಬೈಲಿನಲ್ಲಿ ಮುಳುಗಿದ್ದರು. ಎಲ್ಲರೂ ಸೇರಿ ಮಕ್ಕಳನ್ನು ಆಡಿಕೊಳ್ಳಲು ತೊಡಗಿದಾಗ, ಮಾತು ಕಹಿಯಾಗದಿರಲೆಂದು ನಾನೊಂದು ಪ್ರಶ್ನೆಯನ್ನು ಮುಂದಿಟ್ಟೆ: "ನಿಮ್ಮ ನಿಮ್ಮ ಆಯುಷ್ಯದಲ್ಲಿ ನಿಮಗೆ ಅತ್ಯಂತ ಪ್ರಿಯವಾದ ಆಟ ಯಾವುದು? ಏಕೆ?"

ಎಂಬತ್ತು ದಾಟಿರುವ ಸೋದರತ್ತೆಯವರು ತಡವರಿಸದೆ "ಚೌಕಾಬಾರ" ಎಂದರು. ಐದೈದು ಮನೆಗಳ ಚೌಕ, ನಾಲ್ಕು ಕವಡೆ, ಕಾಯಿಗಳಿಗೆ ಬಳೆಯ ಚೂರು, ಹುಣಸೆಯ ಬೀಜ. ಇದಕ್ಕಿಂತ ಹೆಚ್ಚಿನ ಸಲಕರಣೆ ಅದಕ್ಕೆ ಬೇಡ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆಯನ್ನು ಸೇರಿದ ಕಾಯಿ ಹಣ್ಣಾಯಿತೆಂದು ಲೆಕ್ಕ. "ಹದಿನೈದು ವರ್ಷಕ್ಕೇ ಆ ಮನೆಗೆ ಸೊಸೆಯಾಗಿ ಹೋದೆ ಕಣಪ್ಪ. ನಮ್ಮ ಅತ್ತೆಯ ಎದುರು ತಲೆ ಎತ್ತಿ ಮಾತಾಡುವ ಹಾಗಿರಲಿಲ್ಲ. ಆದರೆ ಚೌಕಾಬಾರದಲ್ಲಿ ಅವರ ಕಾಯನ್ನು ನಾನು ಕಡಿಯಬಹುದಾಗಿತ್ತು, ಅವರು ಸುಮ್ಮನಿರಬೇಕಾಗಿತ್ತು!" ಎಂದು ಅವರು ನಕ್ಕಾಗ ನಾವೆಲ್ಲರೂ ನಕ್ಕೆವು. ಆ ನಗೆಯ ಹಿಂದೆ ಎಷ್ಟು ವರ್ಷಗಳ ಮೌನವಿತ್ತೋ ಶಿವನೇ ಬಲ್ಲ.

ಇಂಥ ಆಟಗಳು ಕೇವಲ ಕಾಲಹರಣದವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ'ಯ ಒಂದು ಭಾಗವಾದ 'ಕೌತುಕನಿಧಿ'ಯನ್ನು ಆಟಗಳಿಗೆಂದೇ ಮೀಸಲಿಟ್ಟರು. ನಮ್ಮ ಪಗಡೆಯ ಬಳಗಕ್ಕೆ ಸೇರಿದ ಪಚ್ಚೀಸಿಯೇ ಇಂಗ್ಲೆಂಡಿಗೆ ಹೋಗಿ 19ನೆಯ ಶತಮಾನದ ಕೊನೆಯಲ್ಲಿ 'ಲೂಡೋ' ಎನಿಸಿತು. ಆ ಲೂಡೋ 2016ರಲ್ಲಿ 'ಲೂಡೋ ಕಿಂಗ್' ಎಂಬ ಹೆಸರಿನಿಂದ ಮೊಬೈಲಿಗೆ ಬಂದು, 2020ರ ಲಾಕ್‌ಡೌನಿನ ದಿನಗಳಲ್ಲಿ ಮನೆಮನೆಯ ಆಟವಾಯಿತು. ನಾವು ಮಕ್ಕಳ ಕೈಯಲ್ಲಿ ಕಂಡು ಹೊಸದೆಂದು ಬೆಚ್ಚುವ ಎಷ್ಟೋ ಆಟಗಳು ನಮ್ಮ ಜಗಲಿಯಿಂದಲೇ ಹೊರಟು ತಿರುಗಿ ಬಂದವು.

ಚಿಕ್ಕಪ್ಪನ ಮಗನಿಗೆ ಈಗ ನಲವತ್ತೈದು ವರ್ಷ. ಅವನು ಬೆಳೆದದ್ದು ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಕಾಲದಲ್ಲಿ. ಬೇಸಿಗೆ ರಜೆಯಲ್ಲಿ ಗಂಟೆಗಿಷ್ಟು ಎಂದು ಕಾಸು ಕೊಟ್ಟು ಆಡಿದ್ದನ್ನೂ, ಚಿತ್ರ ನಿಂತಾಗ ಕ್ಯಾಸೆಟ್ಟನ್ನು ತೆಗೆದು ಊದಿ ಮತ್ತೆ ಸಿಕ್ಕಿಸುತ್ತಿದ್ದುದನ್ನೂ ಅವನು ಬಣ್ಣಿಸಿದನು. ಎಲ್ಲರೂ 'ಸೂಪರ್ ಮಾರಿಯೋ'ವನ್ನು ಹೊಗಳಿದರೂ ಅವನಿಗೆ ಪ್ರಿಯವಾದದ್ದು ಇಬ್ಬರು ಜೊತೆಯಾಗಿ ಆಡುವ 'ಕಾಂಟ್ರಾ'. "ಅದರಲ್ಲಿ ನನ್ನ ಜೀವಗಳು ಮುಗಿದರೆ ಜೊತೆಗಾರನ ಜೀವವೊಂದನ್ನು ತೆಗೆದುಕೊಂಡು ಆಡಬಹುದಾಗಿತ್ತು. ನಮ್ಮಣ್ಣ ಒಂದು ದಿನವೂ ಬೇಡವೆನ್ನಲಿಲ್ಲ" ಎಂದನು. ಮಾರಿಯೋವನ್ನು 1985ರಲ್ಲಿ ಹೊರತಂದ ಜಪಾನಿನ ನಿಂಟೆಂಡೊ ಸಂಸ್ಥೆಯು 1889ರಲ್ಲಿ ಕ್ಯೋಟೋ ನಗರದಲ್ಲಿ ಆರಂಭವಾದದ್ದು ಇಸ್ಪೀಟಿನಂಥ ಎಲೆಗಳನ್ನು ತಯಾರಿಸುವುದಕ್ಕೆ ಎಂಬುದು ಅನೇಕರಿಗೆ ಸೋಜಿಗವೆನಿಸೀತು.

ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ತಂಗಿಯ ಮಗಳು 'ಟೆಟ್ರಿಸ್' ಎಂದಳು. 1984ರಲ್ಲಿ ಮಾಸ್ಕೋದ ವಿಜ್ಞಾನಿ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಆಟವದು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತಿರುತ್ತವೆ. ಸಂದಿಲ್ಲದಂತೆ ಜೋಡಿಸಿದರೆ ಸಾಲು ಕರಗುತ್ತದೆ. ಜೋಡಿಸದಿದ್ದರೆ ರಾಶಿ ಬೆಳೆದು ಆಟ ಮುಗಿಯುತ್ತದೆ. "ಬಿದ್ದದ್ದನ್ನು ಬೇಡವೆನ್ನುವಂತಿಲ್ಲ ದೊಡ್ಡಮಾವ, ಅದಕ್ಕೊಂದು ಜಾಗ ಹುಡುಕಬೇಕು. ನನ್ನ ಕಷ್ಟದ ದಿನಗಳಲ್ಲಿ ಅದು ನನಗೆ ಸಮಾಧಾನ ಕೊಟ್ಟಿತು" ಎಂದಳು. ಅವಳ ಕಷ್ಟವನ್ನು ಬಲ್ಲ ನಾವು ಮರುಮಾತಾಡಲಿಲ್ಲ.

ಕೊನೆಗೆ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಕಿರಿಯ ಮೊಮ್ಮಗನ ಸರದಿ. ಅವನು ತಲೆತಗ್ಗಿಸಿ 'ಬಿಜಿಎಂಐ' ಎಂದನು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿದ 'ಪಬ್‌ಜಿ'ಯ ಭಾರತೀಯ ರೂಪವಾಗಿ 2021ರಲ್ಲಿ ಬಂದ ಆಟವದು. ಬಂದೂಕಿನ ಆಟವೆಂದು ಹಿರಿಯರು ಮುಖ ಸಿಂಡರಿಸಿದರು. ಸಂಕ್ರಾಂತಿಯ ಮರುದಿನ, ಪರೀಕ್ಷೆ ಸಮೀಪಿಸಿತೆಂದು ಅವನ ಮೊಬೈಲನ್ನು ಕಿತ್ತು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದವನು ನಾನೇ. "ಏಕೆ ಪ್ರಿಯ?" ಎಂದು ಕೇಳಿದರೆ ಅವನು ಉತ್ತರಿಸಲಿಲ್ಲ.

ನಡುರಾತ್ರಿ ಕಳೆದು ಕೆಲವರು ತೂಕಡಿಸುತ್ತಿದ್ದಾಗ ಅವನು ನನ್ನ ಬಳಿಗೆ ಬಂದು ಕುಳಿತನು. "ತಾತ, ಅದರಲ್ಲಿ ಅಣ್ಣ ಸಿಗ್ತಾನೆ" ಎಂದನು. ಹಿರಿಯ ಮೊಮ್ಮಗ ಪುಣೆಯಲ್ಲಿ ಕೆಲಸದಲ್ಲಿದ್ದನು. "ಫೋನು ಮಾಡಿದರೆ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡ್ತಾನೆ. ಆಟ ಆಡುವಾಗ ಎಲ್ಲಾ ಹೇಳ್ತಾನೆ." ತುಸು ತಡೆದು ಮತ್ತೆ ಹೇಳಿದನು: "ಅಣ್ಣನ ಕೆಲಸ ಹೋಗಿದೆ ತಾತ. ಮನೆಯಲ್ಲಿ ಹೇಳಬೇಡ ಅಂದಿದ್ದ. ಒಂದು ತಿಂಗಳಿಂದ ಏನು ಮಾಡ್ತಿದ್ದಾನೋ ನನಗೆ ಗೊತ್ತಿಲ್ಲ."

ಬಂಧುಗಳೇ, ಆ ಕ್ಷಣದಲ್ಲಿ ನನಗಾದ ನಾಚಿಕೆಯನ್ನು ಮುಚ್ಚಿಡಲಾರೆ. ಮಗುವಿನ ಕೈಯಿಂದ ಆಟಿಕೆಯನ್ನು ಕಿತ್ತೆನೆಂದು ತಿಳಿದಿದ್ದೆ. ನಾನು ಬೀಗ ಹಾಕಿದ್ದು ಇಬ್ಬರು ಅಣ್ಣತಮ್ಮಂದಿರ ಮಾತಿಗೆ. ಬೆಳಗಾಗುತ್ತಲೇ ಪುಣೆಗೆ ನಾನೇ ಫೋನು ಮಾಡಿ, ಏನನ್ನೂ ಕೇಳದೆ, "ಯುಗಾದಿಗೆ ಮೊದಲೇ ಬಂದುಬಿಡು ಮಗು, ನೋಡಬೇಕೆನಿಸಿದೆ" ಎಂದೆ. ನಾಲ್ಕನೆಯ ದಿನ ಬಂದನು. ಬಹಳ ಸೊರಗಿದ್ದನು. ಹೇಳಬೇಕಾದುದನ್ನು ತಾನೇ ಹೇಳಿದನು.

ಇಷ್ಟರಿಂದ ಎಲ್ಲ ಆಟವೂ ಒಳ್ಳೆಯದೆಂದು ನಾನು ಸಾರುತ್ತಿಲ್ಲ. ಆ ರಾತ್ರಿ ನಮ್ಮ ಜಾಗರಣೆಗೆ ಬಾರದಿದ್ದ ಬಂಧುವೊಬ್ಬನಿದ್ದಾನೆ. ಮೊಬೈಲಿನಲ್ಲಿ ಹಣ ಕಟ್ಟಿ ರಮ್ಮಿ ಆಡಿ, ಹೆಂಡತಿಯ ಒಡವೆಯನ್ನೂ ಕಳೆದು, ನಾಲ್ಕು ಜನರಿಗೆ ಮುಖ ತೋರಿಸಲಾರದೆ ದೂರವುಳಿದವನು. ಆಟಕ್ಕೂ ಜೂಜಿಗೂ ನಡುವಣ ಗೆರೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯೂ ಇದೇ ಗೆರೆಯನ್ನೆಳೆದು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಹಣವಿಲ್ಲದ ಆಟವೂ ಊಟ, ನಿದ್ರೆ, ಓದುಗಳನ್ನು ನುಂಗಿ ಹಿಡಿತ ತಪ್ಪಿದರೆ ಅದು ಕಾಯಿಲೆಯೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಹೆಸರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿ 2014ರಲ್ಲೇ 'ಶಟ್' ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಅಂಥ ಲಕ್ಷಣ ಕಂಡಲ್ಲಿ ಬೈಗುಳವನ್ನು ಬಿಟ್ಟು ವೈದ್ಯರನ್ನು ಕಾಣುವುದು ವಿವೇಕ.

ಆದರೆ ಯಾವುದು ಕಾಯಿಲೆ, ಯಾವುದು ಜೂಜು, ಯಾವುದು ಬರಿಯ ಆಟ, ಯಾವುದು ಆಟದ ವೇಷ ತೊಟ್ಟ ಅಕ್ಕರೆ ಎಂಬುದು ಕೇಳದೆ ತಿಳಿಯುವುದಿಲ್ಲ. ಅತ್ತೆಯವರಿಗೆ ಚೌಕಾಬಾರವು ಮಾತಿಗೆ ದೊರೆತ ಬಿಡುವು. ಹಾಸನದ ಹುಡುಗನಿಗೆ ಕಾಂಟ್ರಾ ಅಣ್ಣನ ಔದಾರ್ಯ. ಪ್ರಿಯವಾದ ಆಟವನ್ನು ಕೇಳಿದಾಗ ಯಾರೊಬ್ಬರೂ ಗೆದ್ದ ಲೆಕ್ಕವನ್ನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು.

ಈಗ ನಮ್ಮ ಮನೆಯಲ್ಲೊಂದು ಒಪ್ಪಂದವಾಗಿದೆ. ಓದಿನ ದಿನಗಳಲ್ಲಿ ಮೊಬೈಲು ಬೀರುವಿನಲ್ಲಿ. ಭಾನುವಾರ ಸಂಜೆ ಒಂದು ಗಂಟೆ ಅಣ್ಣತಮ್ಮಂದಿರದು. ಒಮ್ಮೆ ನನ್ನನ್ನೂ ಸೇರಿಸಿಕೊಂಡರು. ಎರಡು ನಿಮಿಷದಲ್ಲಿ ಸತ್ತೆ! ಪ್ರತಿಯಾಗಿ ಕಿರಿಯವನು ಹೊಳೆನರಸೀಪುರಕ್ಕೆ ಹೋದಾಗಲೆಲ್ಲ ಅಜ್ಜಿಯೊಡನೆ ಚೌಕಾಬಾರಕ್ಕೆ ಕೂರುತ್ತಾನೆ. ಹಿರಿಯವನಿಗೆ ಈಚೆಗೆ ಹಾಸನದಲ್ಲಿಯೇ ಒಂದು ಕೆಲಸ ದೊರೆತಿದೆ. ಸಂಬಳ ಕಡಿಮೆ, ಮನೆಯ ಊಟ.

ಮುಂದಿನ ಸಂಚಿಕೆಯೊಳಗೆ ತಾವೂ ತಮ್ಮ ಮನೆಯ ಹಿರಿಯರನ್ನೂ ಕಿರಿಯರನ್ನೂ ಒಂದೆಡೆ ಕೂರಿಸಿ ಈ ಪ್ರಶ್ನೆಯನ್ನು ಕೇಳಿ ನೋಡಿ. 'ಯಾವುದು' ಎಂಬುದಕ್ಕೆ ಉತ್ತರ ಬಂದೊಡನೆ ಎದ್ದುಹೋಗದೆ, 'ಏಕೆ' ಎಂಬುದಕ್ಕೆ ಉತ್ತರ ಬರುವ ತನಕ ಕಾದಿರಿ. ನಮ್ಮ ಮನೆಯಲ್ಲಿ ಅದು ನಡುರಾತ್ರಿ ಕಳೆದ ಮೇಲೆ ಬಂದಿತು.